ಅವರ ಪಾಲಿನ ವಚನ

ಫೆಬ್ರವರಿ 3, ಸೋಮವಾರ

ಇವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಬಲಗಾಲನ್ನು ಸ್ವಲ್ಪ ಎಳೆದುಕೊಂಡು ನಡೆಯುತ್ತಾರೆ. ಬಲಗೈ ಇನ್ನೂ ಮಲಗಿಯೇ ಇದೆ. ಮಾತು ಇಲ್ಲ. ಪಾರ್ಶ್ವವಾಯು ತಾಗಿದ್ದು ಮೆದುಳಿನ ಎಡಭಾಗಕ್ಕೆ. ನಾವು ಹೇಳುವುದೆಲ್ಲ ಇವರಿಗೆ ತಿಳಿಯುತ್ತದೆ, ಹೇಳಬೇಕಾದದ್ದೂ ಒಳಗಿದೆ, ಹೊರಗೆ ಬರುವ ದಾರಿ ಮಾತ್ರ ಮುಚ್ಚಿದೆ ಎಂದು ವೈದ್ಯರು ವಿವರಿಸಿದರು. ಯಾವಾಗ ತೆರೆಯುತ್ತದೆ ಎಂದು ಕೇಳಿದ್ದಕ್ಕೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಏನೋ ಹೇಳಿದರು.

ಮದುವೆಯಾದಾಗಿನಿಂದ ಈ ಮನುಷ್ಯ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ನಿದ್ದೆಯಲ್ಲಿ ಮಾತ್ರ. ಫರ್ನಿಚರ್ ಅಂಗಡಿಯಲ್ಲಿ ಸೋಫಾ ಮಾರುತ್ತಾರೆ. ಅಲ್ಲಿ ಇವರ ಹೆಸರೇ ರೇಡಿಯೋ. ಕುರ್ಚಿ ಕೇಳಿಕೊಂಡು ಬಂದವರಿಗೆ ಮಂಚ ಕಟ್ಟಿ ಕಳಿಸುತ್ತಾನೆ ಎಂದು ಮಾಲೀಕರೇ ಹೇಳುತ್ತಿದ್ದರು. "ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂದು ನಾನು ಗದರಿದರೆ, "ಸ್ಟಾಕ್ ಬೇಕಾದಷ್ಟಿದೆ ಕಣೇ, ಹೋದ್ರೆ ಹೋಗ್ಲಿ" ಅನ್ನುತ್ತಿದ್ದರು.

ನುಂಗಲು ತೊಂದರೆಯಿಲ್ಲ. ಆದರೆ ಎಡಗೈಗೆ ಅಭ್ಯಾಸವಿಲ್ಲ, ನಡುಗುತ್ತದೆ. ಚಹಾ ಅರ್ಧ ಲೋಟ ಮಾತ್ರ ಹಾಕಿ ಕೊಡುತ್ತಿದ್ದೇನೆ.

ಇದನ್ನು ಕನ್ನಡದಲ್ಲಿ ಬರೆಯುವುದಕ್ಕೆ ಕಾರಣವಿದೆ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಇಂಗ್ಲಿಷಿನಲ್ಲಿ ಬರೆದರೆ ಮಗಳು ಓದುತ್ತಾಳೆ. ನನ್ನ ಕನ್ನಡ ಅಕ್ಷರವನ್ನು ಅವಳಿರಲಿ, ನಾನೇ ಎರಡನೆಯ ಸಲ ಓದಲಾರೆ.

ಫೆಬ್ರವರಿ 6, ಗುರುವಾರ

ಅತ್ತೆ ಬೆಳಗಿನ ಓದನ್ನು ಮತ್ತೆ ಶುರು ಮಾಡಿಸಿದರು. ಈ ಮನೆಯ ಪದ್ಧತಿ ಹೀಗೆ: ತಿಂಡಿಗೆ ಮೊದಲು ಎಲ್ಲರೂ ಮೇಜಿನ ಸುತ್ತ ಕೂರಬೇಕು. ಸತ್ಯವೇದದಿಂದ, ಅಂದರೆ ಬೈಬಲ್ಲಿನಿಂದ, ದಿನಕ್ಕೊಂದು ಅಧ್ಯಾಯ, ತಲೆಗೊಂದು ವಚನ. ಮೊದಲು ಅತ್ತೆ, ಆಮೇಲೆ ಇವರು, ಆಮೇಲೆ ನಾನು, ಕೊನೆಗೆ ಮಗಳು. ಅಧ್ಯಾಯ ಮುಗಿಯುವವರೆಗೆ ಸುತ್ತು ತಿರುಗುತ್ತಿರುತ್ತದೆ. ಯಾರಿಗೆ ಯಾವ ವಚನ ಬರುತ್ತದೋ ಅದು ಅವರ ಆ ದಿನದ ಪಾಲು. ಅದಲುಬದಲು ಇಲ್ಲ. ದೇವರು ಬಡಿಸಿದ ತಟ್ಟೆಯಲ್ಲಿ ಆರಿಸಿ ತಿನ್ನಬಾರದು ಎಂಬುದು ಅತ್ತೆಯ ಮಾತು. ಹುಟ್ಟುಹಬ್ಬದ ದಿನ ಮಾತ್ರ ರಿಯಾಯಿತಿ. ಅಂದು ಹುಟ್ಟಿದವರೇ ಅಧ್ಯಾಯ ಆರಿಸಿ ಮೊದಲ ವಚನ ಓದುತ್ತಾರೆ.

"ಅಪ್ಪನ ಸರದಿ ಯಾರು ಓದೋದು?" ಎಂದು ಮಗಳು ಕೇಳಿದಳು.

"ಅವನದ್ದು ಅವನದ್ದೇ. ಮನಸ್ಸಲ್ಲೇ ಓದ್ಕೊಳ್ಳಲಿ. ಓದೋಷ್ಟು ಹೊತ್ತು ನಾವು ಸುಮ್ನೆ ಕಾಯೋಣ" ಎಂದರು ಅತ್ತೆ.

ಕಾದೆವು. ನಮ್ಮ ಫ್ರಿಜ್ಜು ಇಷ್ಟು ಸದ್ದು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ನನಗೆ ಲ್ಯಾಬಿನ ಕೆಲಸಕ್ಕೆ ತಡವಾಗುತ್ತಿತ್ತು. ಪುಸ್ತಕ ಇವರ ಮುಂದೆ ತೆರೆದಿತ್ತು. ಓದುತ್ತಿದ್ದರೋ ಸುಮ್ಮನೆ ನೋಡುತ್ತಿದ್ದರೋ ತಿಳಿಯದು.

ನಾನು ಸೊಸೆಯಾಗಿ ಬಂದ ಮೊದಲ ವಾರದಿಂದಲೂ ನನ್ನ ಸರದಿಯನ್ನು ಮುಂಚಿತವಾಗಿ ಎಣಿಸಿಕೊಳ್ಳುತ್ತೇನೆ. ಕನ್ನಡದ ಒತ್ತಕ್ಷರಗಳು ಗುಂಪಾಗಿ ಎದುರು ಬಂದರೆ ನನ್ನ ನಾಲಿಗೆ ಎಡವುತ್ತದೆ. ಹಾಗಾಗಿ ಬೇರೆಯವರು ಓದುವಾಗ ನನ್ನ ವಚನ ಯಾವುದೆಂದು ಹುಡುಕಿ, ಎರಡು ಸಲ ಒಳಗೊಳಗೇ ಓದಿ ಸಿದ್ಧವಾಗಿರುತ್ತೇನೆ. ಓದಿದ ಮೇಲೆ ಮುಂದಿನದನ್ನು ಹುಡುಕುತ್ತೇನೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ತಡವರಿಸಿಲ್ಲ.

ಇವತ್ತು ಎಣಿಸಿದರೆ ನನ್ನ ಪಾಲಿಗೆ ಬಂದದ್ದು, ಸವಿಮಾತಿನ ತುಟಿಗಳನ್ನೂ ಬಡಾಯಿಯ ನಾಲಿಗೆಯನ್ನೂ ಕರ್ತನು ಕತ್ತರಿಸಿ ಹಾಕುವನು ಎಂಬ ಅರ್ಥದ್ದು. ಇವರೆದುರಿಗೆ! ಕೆಮ್ಮು ಬಂದವಳ ಹಾಗೆ ಮಾಡಿ ಅರ್ಧ ನುಂಗಿ ಓದಿದೆ. ಇವರು ಎಡಗೈಯ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ, ತಮ್ಮ ಬಾಯಿ ತೋರಿಸಿದರು. ನಕ್ಕರೋ ಏನೋ, ತುಟಿಯ ಒಂದು ಕೊನೆ ಮಾತ್ರ ಮೇಲೇರಿತು. ಮಗಳು ಪಕ್ಕೆಂದು ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ.

ಇದರ ಒಂದೊಂದು ಮಾತೂ ದೇವರು ಊದಿದ ಉಸಿರು ಅನ್ನುತ್ತಾರೆ ಅತ್ತೆ. ಆಯ್ದು ಆಯ್ದು ಇವತ್ತೇ ಈ ಉಸಿರನ್ನು ಊದಬೇಕಿತ್ತೇ?

ಫೆಬ್ರವರಿ 11, ಮಂಗಳವಾರ

ಮಾತಿನ ಥೆರಪಿಸ್ಟ್ ಬಂದಿದ್ದಳು. ಚಿಕ್ಕ ವಯಸ್ಸಿನವಳು, ಚುರುಕು. ಇವರ ಮುಖದ ಮುಂದೆ ಕಾಗದದ ಪಟ್ಟಿ ಹಿಡಿದು "ಊದಿ ಸರ್" ಎಂದಳು. ಪಟ್ಟಿ ಅಲುಗಿತು. "ನೋಡಿ, ಉಸಿರಿದೆ. ಮಾತು ಅಂದ್ರೆ ಉಸಿರೇ ತಾನೇ? ಅದಕ್ಕೆ ಆಕಾರ ಕೊಡೋದಷ್ಟೇ ನಮ್ ಕೆಲ್ಸ." ಅಷ್ಟೇ ಎಂದಳು, ಅಷ್ಟು ಸುಲಭವೆಂಬಂತೆ.

ಲ್ಯಾಬಿನಲ್ಲಿ ಇಡೀ ದಿನ ಬಾವಿ ನೀರಿನ ಸ್ಯಾಂಪಲ್ಲುಗಳು. ನೀರು ಮಾತಾಡುವುದಿಲ್ಲ, ಆದರೂ ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಮನೆಗೆ ಬಂದರೆ ಉಪ್ಪು ಬೇಕಾ, ಫ್ಯಾನು ಬೇಕಾ, ಕಿಟಕಿ ಮುಚ್ಚಲಾ ಎಂದು ಒಂದೊಂದಾಗಿ ಕೇಳಿ, ತಲೆ ಅಲ್ಲಾಡುವುದನ್ನು ನೋಡಿ ತೀರ್ಮಾನಿಸಬೇಕು. ಇತ್ತೀಚೆಗೆ ಇವರೊಡನೆ ಮಗುವಿನೊಡನೆ ಆಡುವ ದನಿಯಲ್ಲಿ ಮಾತಾಡುತ್ತಿದ್ದೇನೆ. ಗೊತ್ತಿದ್ದೂ ಬಿಡಲಾಗುತ್ತಿಲ್ಲ.

ಫೆಬ್ರವರಿ 17, ಸೋಮವಾರ

ಇವತ್ತಿನ ಓದು ಸತ್ಯವೇದದ ಇಪ್ಪತ್ತಮೂರನೆಯ ಕೀರ್ತನೆ, ಕುರುಬನ ಕೀರ್ತನೆ. ಚರ್ಚಿನ ಭಾನುವಾರದ ಶಾಲೆಗೆ ಹೋದ ಯಾವ ಮಗುವಿಗಾದರೂ ಬಾಯಿಪಾಠವಿರುತ್ತದೆ. ಇರುವುದೇ ಆರು ವಚನ. ಅತ್ತೆ ಮೊದಲನೆಯದನ್ನು ಓದಿದರು: ಕರ್ತನೇ ಕುರುಬ, ನನಗೆ ಯಾವ ಕೊರತೆಯೂ ಇಲ್ಲ ಎಂಬುದು. ಇವರ ಸರದಿಗೆ ಎಂದಿನಂತೆ ಸುಮ್ಮನಾದೆವು. ನಾನು ಮೂರನೆಯ ವಚನದ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ.

ಇವರು ಹೇಳತೊಡಗಿದರು.

ಹಸಿರು ಹುಲ್ಲು, ತಣ್ಣನೆಯ ನೀರು, ಕತ್ತಲ ಕಣಿವೆ, ಕೋಲು, ಔತಣ, ಬಟ್ಟಲು. ಎಲ್ಲೂ ತೊದಲಲಿಲ್ಲ. ತಮ್ಮ ವಚನಕ್ಕೆ ನಿಲ್ಲಿಸಲೂ ಇಲ್ಲ. ಶಾಲೆಯ ಹುಡುಗನ ರಾಗದಲ್ಲಿ, ಕಣ್ಣು ಮುಚ್ಚಿಕೊಂಡು, ಕೊನೆಯವರೆಗೆ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ನನ್ ವಚನಾನೂ ಹೇಳ್ಬಿಟ್ರು ಅಪ್ಪ" ಎಂದು ಮಗಳು ಅಳುತ್ತ ನಗುತ್ತ ಅಂದಳು.

ನಾನು ಏನು ಮಾಡಿದೆ? ಇವರ ಭುಜ ಹಿಡಿದು, "ರೀ, ನನ್ನನ್ನ ಏನಂತ ಕರೀತೀರಿ ಹೇಳಿ" ಎಂದೆ. ಇವರು ನನ್ನನ್ನು ಕರೆಯುವುದು ಲ್ಯಾಬು ಎಂದು. ಬಾಯಿ ತೆರೆಯಿತು, ತುಟಿ ಸೇರಿತು, ಮತ್ತೆ ತೆರೆಯಿತು. ಏನೂ ಬರಲಿಲ್ಲ. ಹಣೆಯಲ್ಲಿ ಬೆವರು ಮೂಡಿತು.

"ಈಗ್ಲೇ ಪರೀಕ್ಷೆ ಮಾಡ್ಬೇಕಾ? ಅವನೇನು ನಿನ್ ನೀರಿನ ಬಾಟ್ಲಿನಾ?" ಎಂದರು ಅತ್ತೆ.

ತಪ್ಪು ನನ್ನದೇ. ಆದರೆ ಒಂದೇ ಸ್ಯಾಂಪಲ್ ನೋಡಿ ವರದಿ ಬರೆದು ನನಗೆ ಅಭ್ಯಾಸವಿಲ್ಲ.

ಫೆಬ್ರವರಿ 18, ಮಂಗಳವಾರ

ಥೆರಪಿಸ್ಟಿಗೆ ಹೇಳಿದೆವು. ಅವಳು ಕುಣಿದಾಡಲಿಲ್ಲ.

"ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ಬೇರೆ ಕಪಾಟಲ್ಲಿ ಇರುತ್ತೆ ಮೇಡಂ. ಹಾಡು, ಮಗ್ಗಿ, ಪ್ರಾರ್ಥನೆ, ಬೈಗುಳ, ಎಲ್ಲ ಅಲ್ಲೇ. ಆ ಕಪಾಟಿಗೆ ಪೆಟ್ಟಾಗಿಲ್ಲ. ಇದು ಒಳ್ಳೇದೇ. ಆದ್ರೆ ಇನ್ನೂ ಮಾತಲ್ಲ."

"ಬೈಗುಳದ ಪಕ್ಕದಲ್ಲಿ ಕೀರ್ತನೆ ಇಟ್ಕೊಂಡಿದ್ದಾನಾ ನನ್ ಮಗ!" ಅತ್ತೆಗೆ ಸಿಟ್ಟೇ ಬಂತು. "ಐದು ವರ್ಷದವನಿದ್ದಾಗ ನಾನೇ ಕಲಿಸಿದ್ದು. ಒಳಗೆ ಹೋದ ದೇವರ ಉಸಿರು ಹೊರಗೆ ಬಂತು. ಇದಕ್ಕೆ ಕಪಾಟು ಯಾಕಮ್ಮಾ?"

ಥೆರಪಿಸ್ಟ್ ಜಗಳಕ್ಕೆ ಹೋಗಲಿಲ್ಲ. "ಬಂದ ಬಾಗಿಲನ್ನೇ ಉಪಯೋಗಿಸ್ಕೊಳ್ಳೋಣ ಅಜ್ಜಿ. ಒಂದು ಸಾಲು ನೀವು ಶುರು ಮಾಡಿ, ಕೊನೇ ಪದ ಬಿಟ್ಟು ನಿಲ್ಲಿಸಿ. ಅವರು ತುಂಬಲಿ. ನೆನಪಿನ ಪದ ಬಿಟ್ಟು ತಮ್ಮದೇ ಪದ ಹಾಕಿದ ದಿನ ನನಗೆ ಫೋನ್ ಮಾಡಿ" ಎಂದಳು.

ಇಬ್ಬರಲ್ಲಿ ಯಾರು ಸರಿ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದೆ. ನಾನು ಇಷ್ಟು ವರ್ಷ ಓದಿದ ವಚನಗಳು ಯಾವ ಕಪಾಟಿನಲ್ಲಿವೆಯೋ. ಒಂದಾದರೂ ನೆನಪಿಗೆ ಬರುತ್ತದೆಯೇ ಎಂದು ಪ್ರಯತ್ನಿಸಿದೆ. ಇಳಿಯುವ ಸ್ಟಾಪ್ ಬಂತು.

ಫೆಬ್ರವರಿ 24, ಸೋಮವಾರ

ಬೆಳಿಗ್ಗೆ ಚಹಾ ಕೊಟ್ಟಾಗ ಇವರು ಲೋಟವನ್ನು ಬೆರಳಿನಿಂದ ಟಣ್ ಟಣ್ ಎಂದು ಬಡಿದು "ಊ, ಊ" ಎಂದರು. ಸಕ್ಕರೆಯೇ? ಅಲ್ಲ. ಬಿಸಿ ಸಾಲದೇ? ಅಲ್ಲ. ಹಾಲು? ಕೆನೆ? ನೊಣ ಬಿದ್ದಿದೆಯೇ ಎಂದೂ ನೋಡಿದೆ. ಕೊನೆಗೆ ಇವರೇ ಕೈಬೀಸಿ, ಕುಡಿದು ಮುಗಿಸಿದರು.

ಸಂಜೆ ಪಾಸ್ಟರ್ ಬಂದಿದ್ದರು. ಅತ್ತೆ ಇವರಿಂದ ಕೀರ್ತನೆ ಹೇಳಿಸಿದರು; ಇವರು ಮೊದಲ ವಚನದಿಂದಲೇ ಎಲ್ಲವನ್ನೂ ಹೇಳಿದರು. ಪಾಸ್ಟರ್ ಕಣ್ಣೊರೆಸಿಕೊಂಡು, ಬರುವ ಭಾನುವಾರ ಚರ್ಚಿನಲ್ಲಿ ಸಭೆಯ ಮುಂದೆ ಸಾಕ್ಷಿಯಾಗಿ ಹೇಳಲಿ, ಎಷ್ಟೋ ಜನರ ವಿಶ್ವಾಸ ಬಲಗೊಳ್ಳುತ್ತದೆ ಎಂದರು. ಒಳ್ಳೆಯ ಮನುಷ್ಯ. ಆಸ್ಪತ್ರೆಯಲ್ಲಿ ನಮ್ಮ ಜೊತೆ ಕೂತಿದ್ದವರು. ಇಲ್ಲ ಎನ್ನಲು ನನಗೆ ನಾಲಿಗೆ ಏಳಲಿಲ್ಲ.

ಫೆಬ್ರವರಿ 26, ಬುಧವಾರ

ಅತ್ತೆಗೂ ನನಗೂ ಮಾತಿಗೆ ಮಾತು ಬೆಳೆಯಿತು.

"ಬೇಡ ಅತ್ತೆ. ಕೀರ್ತನೆ ಹೇಳಿದ ಮೇಲೆ ಜನ ಬಂದು ಮಾತಾಡಿಸ್ತಾರೆ. ಆಗ ಏನು ಹೇಳ್ತಾರೆ ಇವರು?"

"ದೇವರು ಕೊಟ್ಟಿದ್ದನ್ನ ಮನೇಲಿ ಮುಚ್ಚಿಟ್ಕೊಳ್ಳೋದಾ? ನಿನಗೆ ಎಲ್ಲದಕ್ಕೂ ರಿಪೋರ್ಟ್ ಬೇಕು. ನಂಬಿಕೆಗೆ ರಿಪೋರ್ಟ್ ಬರಲ್ಲಮ್ಮಾ."

"ಅವರನ್ನಾದ್ರೂ ಕೇಳಿ."

ಅತ್ತೆ ಕೇಳಿದರು: "ಬರ್ತೀಯಾ ಕಂದಾ?" ಇವರು ತಲೆ ಆಡಿಸಿದರು. ಹೌದೆಂದೋ ತಾಯಿಯ ಮನಸ್ಸು ನೋಯದಿರಲೆಂದೋ, ತಲೆ ಎರಡಕ್ಕೂ ಒಂದೇ ರೀತಿ ಆಡುತ್ತದೆ. ಆಗಲಿ ಎಂದೆ.

ಈ ಹಾಳೆಯಲ್ಲಾದರೂ ನಿಜ ಬರೆಯಬೇಕು. ನಾನು ಒಪ್ಪಿದ್ದು ಬರೀ ಅತ್ತೆಗಾಗಿಯಲ್ಲ. ಇವರಿಗೆ ಹೀಗಾದಾಗಿನಿಂದ ಕಂಡವರೆಲ್ಲ ನನ್ನತ್ತ ಅಯ್ಯೋ ಪಾಪ ಎಂದು ನೋಡುತ್ತಾರೆ. ಒಂದು ಭಾನುವಾರವಾದರೂ ಬೇರೆ ಥರ ನೋಡಲಿ ಎಂದು ನನಗೂ ಇತ್ತು.

ಮಾರ್ಚ್ 2, ಭಾನುವಾರ

ಹೇಳಿದರು. ಒಂದಕ್ಷರ ತಪ್ಪಲಿಲ್ಲ. ಸಭೆಯಲ್ಲಿ ಅಳದೆ ಉಳಿದವರಿಲ್ಲ, ನನ್ನನ್ನೂ ಸೇರಿಸಿ.

ಆರಾಧನೆ ಮುಗಿದು ಹೊರಬಂದಾಗ ಮೆಟ್ಟಿಲ ಮೇಲೆ ಜನ ಇವರನ್ನು ಮುತ್ತಿಕೊಂಡರು. ಫರ್ನಿಚರ್ ಅಂಗಡಿಯ ಮಾಲೀಕರೂ ಬಂದಿದ್ದರು. "ಏನಯ್ಯಾ ರೇಡಿಯೋ, ಹೊಸ ಬ್ಯಾಟರಿ ಹಾಕಿಸ್ಕೊಂಡ್ ಬಂದ್ಬಿಟ್ಯಲ್ಲ! ಅಂಗಡಿಗೆ ಯಾವಾಗ ಬರ್ತೀಯಾ?"

ಇವರು ಬಾಯಿ ತೆರೆದರು. ಬಂದದ್ದು ಕೀರ್ತನೆಯ ಮೊದಲ ಸಾಲು.

"ಆಮೆನ್!" ಎಂದರು ಸುತ್ತಲಿದ್ದವರು.

ಇವರು ತಲೆ ಕೊಡವಿದರು. ಎಡಗೈಯಿಂದ ಮೊಣಕಾಲು ತೋರಿಸಿದರು. ಮತ್ತೆ ಬಾಯಿ ತೆರೆದರು. ಮತ್ತೆ ಅದೇ ಸಾಲು. "ಆಮೆನ್, ಆಮೆನ್!" ಯಾರೋ ಇವರ ಆ ಕೈಯನ್ನೇ ಹಿಡಿದು ಮೇಲೆತ್ತಿದರು. ಬಲಗಾಲು ಪ್ಯಾಂಟಿನೊಳಗೆ ಥರಥರ ನಡುಗುತ್ತಿದ್ದುದು ನನಗೆ ದೂರದಿಂದ ಕಂಡಿತು. ಇವರಿಗೆ ಕೂರಬೇಕಾಗಿತ್ತು. ಅಷ್ಟೇ. ಕುರ್ಚಿ ಕೊಡಿ ಎನ್ನಬೇಕಾಗಿತ್ತು, ಕುರ್ಚಿ ಮಾರುವ ಮನುಷ್ಯ. ಮೂರನೆಯ ಸಲ ಆ ಸಾಲನ್ನು ಬೈಗುಳದ ಹಾಗೆ ಕಿರುಚಿದರು, ಭುಜ ಹಿಡಿಯಲು ಬಂದ ಪಾಸ್ಟರರ ಕೈಯನ್ನು ತಳ್ಳಿದರು, ಮೆಟ್ಟಿಲ ಮೇಲೆ ಕುಸಿದರು.

ಆ ಹೊತ್ತಿನಲ್ಲೆಲ್ಲ ಇವರ ಕಣ್ಣು ನನ್ನನ್ನು ಹುಡುಕುತ್ತಿತ್ತು. ನಾನು ಸ್ವಲ್ಪ ಹಿಂದೆ ನಿಂತು ಯಾರೋ ಹೆಂಗಸರಿಗೆ "ಹೌದು, ಎಲ್ಲ ದೇವರ ಕೃಪೆ" ಅನ್ನುತ್ತಿದ್ದೆ.

ಮಾರ್ಚ್ 3, ಸೋಮವಾರ

ಮೇಜಿಗೆ ಬರಲಿಲ್ಲ. ಕೋಣೆಯ ಬಾಗಿಲನ್ನು ಒಳಗಿನಿಂದ ಕಾಲಲ್ಲಿ ನೂಕಿ ಮುಚ್ಚಿಕೊಂಡರು.

ಮಾರ್ಚ್ 5, ಬುಧವಾರ

ಇಂದೂ ಬರಲಿಲ್ಲ. ನಿನ್ನೆ ಥೆರಪಿಸ್ಟ್ ಬಂದಾಗ ಗೋಡೆಯ ಕಡೆ ಮುಖ ಮಾಡಿಯೇ ಮಲಗಿದ್ದರು. ಕಾಗದದ ಪಟ್ಟಿಯನ್ನೂ ಊದಲಿಲ್ಲ. ಕೀರ್ತನೆಯೂ ಹೋಯಿತು, "ಊ" ಅನ್ನುವುದೂ ಹೋಯಿತು. ಹೀಗೇ ಬಿಟ್ಟರೆ ಇರುವ ದಾರಿಯೂ ಮುಚ್ಚಿಹೋಗಬಹುದು ಎಂದು ಅವಳು ಬಾಗಿಲಾಚೆ ಮೆಲ್ಲಗೆ ಹೇಳಿ ಹೋದಳು.

ಬೆಳಿಗ್ಗೆ ಮೂವರೇ ಕೂತೆವು. ಅತ್ತೆ ಮೊದಲ ವಚನ ಓದಿ, ಖಾಲಿ ಕುರ್ಚಿಯನ್ನು ನೋಡಿ, "ನೀನು ಓದಮ್ಮಾ. ಇನ್ನು ಅವನ ಸರದಿಗೆ ಕಾಯೋದು ಬೇಡ. ನನ್ ಮಗನ್ನ ಗಿಳಿ ಮಾಡಿ ಜನಕ್ಕೆ ತೋರಿಸಿದ್ದು ನಾನೇ" ಎಂದರು. ಅವರ ದನಿ ಹಾಗೆ ಒಡೆದದ್ದನ್ನು ನಾನು ಈವರೆಗೆ ಕೇಳಿರಲಿಲ್ಲ.

"ಕಾಯೋಣ ಅತ್ತೆ. ಅವರದ್ದು ಅವರದ್ದೇ ಅಲ್ವಾ?" ಎಂದೆ.

ಯಾಕೆ ಹಾಗೆಂದೆನೋ. ಅಡಿಗೆಮನೆಯಲ್ಲಿ ಮೊಟ್ಟೆ ಬೇಯುತ್ತಿತ್ತು, ಬಸ್ಸಿಗೂ ಹೊತ್ತಾಗಿತ್ತು. ಕಾದೆವು. ಇವರ ಪಾಲಿಗೆ ಬಂದಿದ್ದ ಎರಡನೆಯ ವಚನವನ್ನು ಯಾರೂ ಗಟ್ಟಿಯಾಗಿ ಓದಲಿಲ್ಲ, ಎಲ್ಲರೂ ಕಣ್ಣಲ್ಲಿ ಓದಿದೆವು: ನಾನು ಮೂಕನಾಗಿ ಮೌನದಿಂದಿದ್ದೆ, ಆದರೆ ನನ್ನ ನೋವು ಹೆಚ್ಚಿತು ಎಂದಿತ್ತು. ಎಷ್ಟೋ ಕಾಲದ ಹಿಂದೆ ಯಾರೋ ಬರೆದದ್ದು. ಬರೆದವನಿಗೂ ಬಾಯಿ ಕಟ್ಟಿತ್ತೇ? ನಾಲ್ಕು ಜನರಿಗೆ ದಿನವೂ ವಚನ ಹಂಚುತ್ತಿದ್ದರೆ ಒಂದಲ್ಲ ಒಂದು ತಗಲಿಯೇ ತಗಲುತ್ತದೆ, ಅದು ಬರೀ ಲೆಕ್ಕ ಎಂದು ನನಗೆ ನಾನೇ ಹೇಳಿಕೊಂಡೆ. ಲೆಕ್ಕ ಸರಿಯಾಗಿಯೇ ಇದೆ. ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ.

ಮಾರ್ಚ್ 17, ಸೋಮವಾರ

ನನ್ನ ಪಾಲು: ಕರ್ತನೇ, ನನ್ನ ತುಟಿಗಳನ್ನು ತೆರೆ.

ಸೀಬೆಬೀಜ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಹಾಗೆ ಇಡೀ ದಿನ ಹೋಗಲಿಲ್ಲ. ಇದು ಇವರಿಗೆ ಬರಬೇಕಾಗಿದ್ದ ವಚನ. ಸಂಜೆ ಸೊಪ್ಪು ಬಿಡಿಸುತ್ತ ಅತ್ತೆಯನ್ನು ಕೇಳಿದೆ, "ನನ್ ಪಾಲನ್ನ ಇವರಿಗೆ ಕೊಡಬಹುದಾ?"

"ಅದಲುಬದಲು ಇಲ್ಲ" ಎಂದರು ಅತ್ತೆ. ಇನ್ನೊಂದು ಕಟ್ಟು ಬಿಚ್ಚಿಕೊಂಡು, "ಆದ್ರೆ ನಿನ್ ತಟ್ಟೇಲಿರೋದನ್ನ ಹಂಚ್ಕೊಂಡು ತಿನ್ಬೇಡ ಅಂತ ಯಾರೂ ಹೇಳಿಲ್ಲ" ಎಂದರು.

ಹಂಚಿಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. ಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಕೂತೆ. ಇವರು ಗೋಡೆ ನೋಡುತ್ತಿದ್ದರು. ಇವತ್ತು ಲ್ಯಾಬಿನಲ್ಲಿ ನಡೆದದ್ದನ್ನು ಹೇಳತೊಡಗಿದೆ. ಹೊಸ ಮೇಲಧಿಕಾರಿ ಸ್ಯಾಂಪಲ್ ಬಾಟಲಿಯ ನೀರನ್ನು ಕುಡಿಯುವ ನೀರೆಂದುಕೊಂಡು ಕುಡಿದು, ಆಮೇಲೆ ಅದು ಯಾವ ಚರಂಡಿಯದ್ದೆಂದು ಎಲ್ಲರನ್ನೂ ಕೇಳುತ್ತ ತಿರುಗಿದ್ದು. ಅದು ಮಳೆನೀರು, ಆದರೆ ಮಧ್ಯಾಹ್ನದವರೆಗೆ ಯಾರೂ ಹೇಳಲಿಲ್ಲ. ಮಗುವಿನ ದನಿಯಲ್ಲಲ್ಲ, ಮೊದಲು ಮಾತಾಡುತ್ತಿದ್ದ ಹಾಗೆಯೇ ಹೇಳಿದೆ. ಆಮೇಲೆ ಮೆಟ್ಟಿಲ ಮೇಲಿನ ಆ ಭಾನುವಾರದ ಬಗ್ಗೆಯೂ. "ನೀವು ನನ್ನ ಹುಡುಕ್ತಾ ಇದ್ದದ್ದು ನೋಡಿದೆ. ನಾನು ಬರಲಿಲ್ಲ."

ಇವರ ಬೆನ್ನು ಅಲುಗುತ್ತಿತ್ತು. ಮೇಲಧಿಕಾರಿಯನ್ನು ನೆನೆದು ನಕ್ಕದ್ದೋ ಅತ್ತದ್ದೋ ಗೊತ್ತಾಗಲಿಲ್ಲ. ಪರೀಕ್ಷಿಸಲಿಲ್ಲ.

ಮಾರ್ಚ್ 22, ಶನಿವಾರ

ಮಗಳ ಪಾಲಿಗೆ ಬಂದದ್ದು: ನನ್ನ ಕಣ್ಣೀರನ್ನು ನಿನ್ನ ಬಾಟಲಿಯಲ್ಲಿ ತುಂಬಿಡು ಎಂದು ಒಬ್ಬ ದೇವರನ್ನು ಕೇಳಿಕೊಳ್ಳುವುದು. ಹುಡುಗಿ ಅದನ್ನು ಸರಸರನೆ ಓದಿ ಮುಗಿಸಿದಳು. ನಾನು ಅಲ್ಲೇ ನಿಂತುಬಿಟ್ಟೆ. ನಾವು ಬಾಟಲಿಗೆ ನೀರು ತುಂಬಿದರೆ ಎಲ್ಲಿಂದ ಬಂತು, ಯಾವಾಗ ತೆಗೆದದ್ದು ಎಂದು ಚೀಟಿ ಅಂಟಿಸುತ್ತೇವೆ; ಇಲ್ಲದಿದ್ದರೆ ಆ ನೀರು ಯಾವುದಕ್ಕೂ ಬಾರದು. ಹಾಗಾದರೆ ಅಲ್ಲಿಯೂ ಚೀಟಿ ಇರಬೇಕು. ಇದು ಇಂಥವಳದ್ದು, ಇದು ನನ್ನ ಹದಿನಾರು ವರ್ಷದ ಹುಡುಗಿ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಎಂದು.

"ಅಮ್ಮಾ! ನಿನ್ ಸರದಿ. ಅಪ್ಪನ ಮೌನಾನೂ ಆಯ್ತು. ಎಲ್ಲಿದ್ದೀಯಾ ನೀನು?"

ವಚನ ಹುಡುಕುವಷ್ಟರಲ್ಲಿ ತಡವರಿಸಿದೆ, ಒಂದು ಒತ್ತಕ್ಷರವನ್ನೂ ನುಂಗಿದೆ. ಮಗಳು ಮೂಗಿನ ಮೇಲೆ ಬೆರಳಿಟ್ಟಳು. ಸರಿಯಾಗಿ ನಿದ್ದೆಯಿಲ್ಲದ್ದರ ಫಲ.

ಮಾರ್ಚ್ 29, ಶನಿವಾರ

ಅತ್ತೆ ಮೊದಲ ವಚನ ಓದಿದರು. ಇವರ ಪಾಲಿನ ಮೌನ ನಡೆಯುತ್ತಿದ್ದಾಗ ಕೋಣೆಯ ಬಾಗಿಲು ತೆರೆಯಿತು. ಬಲಗಾಲು ಎಳೆಯುವ ಸದ್ದು. ಇವರು ಬಂದು ತಮ್ಮ ಕುರ್ಚಿಯಲ್ಲಿ ಕೂತರು.

ಅತ್ತೆ ತಲೆಯೆತ್ತಿಯೂ ನೋಡಲಿಲ್ಲ. ಅವರ ಕೈ ಮಾತ್ರ ಪುಸ್ತಕವನ್ನು ಇವರ ಕಡೆ ಸ್ವಲ್ಪ ಸರಿಸಿತು. ನಾನು ಮುಂದಿನ ವಚನ ಓದಿದೆ.

ಆಮೇಲೆ ಚಹಾ ಕೊಟ್ಟೆ. ಲೋಟ ನೋಡಿದರು, ನನ್ನನ್ನು ನೋಡಿದರು, ಕುಡಿದರು.

ಏಪ್ರಿಲ್ 10, ಗುರುವಾರ

ಇವರ ಹುಟ್ಟುಹಬ್ಬ. ಹೊಸ ಅಂಗಿ ತೊಡಿಸಿ, ಇವತ್ತೊಂದು ದಿನ ಓದಿಗೆ ಮೊದಲೇ ಚಹಾ ಕೊಟ್ಟೆ. ಅತ್ತೆ ಪುಸ್ತಕವನ್ನು ಇವರ ಮುಂದಿಟ್ಟು, "ಇವತ್ತು ನಿಂದೇ ಆಯ್ಕೆ ಕಂದಾ. ಏನೂ ಓದ್ಬೇಡ ಅಂದ್ರೂ ಸರಿ" ಎಂದರು.

ಇವರು ಎಡಗೈಯಲ್ಲಿ ಪುಟಗಳನ್ನು ತಳ್ಳಿದರು. ಎರಡೆರಡು ಮೂರುಮೂರು ಪುಟ ಒಟ್ಟಿಗೆ ಮಗುಚುತ್ತಿತ್ತು. ಮಗಳು ಸಹಾಯಕ್ಕೆ ಕೈ ಚಾಚಿದಳು. ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಕೊನೆಗೆ ಒಂದು ಪುಟಕ್ಕೆ ಬಂದು, ಅಂಗೈಯಿಂದ ಒತ್ತಿ ಹಿಡಿದರು. ನೋಡಿದರೆ ಕುರುಬನ ಕೀರ್ತನೆ.

ಅತ್ತೆಯ ಮುಖ ಬಿಳಿಚಿತು. ಆ ಭಾನುವಾರದ ನಂತರ ಅದರ ಸುದ್ದಿಯನ್ನೇ ಯಾರೂ ಎತ್ತಿರಲಿಲ್ಲ.

ಹುಟ್ಟುಹಬ್ಬದವರೇ ಆರಂಭಿಸಬೇಕು. ಹಾಗಾಗಿ ಮೊದಲ ವಚನವೇ ಇವರದ್ದು, ಮೆಟ್ಟಿಲ ಮೇಲೆ ಮೂರು ಸಲ ಬಂದ ಅದೇ ಸಾಲು. ಕಾದೆವು. ಇವರು ಬಾಯಿ ಬಿಗಿಹಿಡಿದು ಅದನ್ನು ನೋಡಿದರು, ಸಾಲಗಾರನ ಮುಖ ನೋಡುವ ಹಾಗೆ. ಹೇಳಲಿಲ್ಲ. ನಾನೂ ಅದನ್ನೇ ನೋಡುತ್ತ ಕೂತಿದ್ದೆ, ಕೊರತೆಯಿಲ್ಲ ಎಂದವನಿಗೆ ಏನೇನು ಇಲ್ಲದಿತ್ತೋ ಎಂದು. ಎರಡನೆಯದು ನನ್ನದು ಎಂದು ಗೊತ್ತಾದದ್ದು ಮಗಳು ಮೊಣಕೈಯಿಂದ ತಿವಿದಾಗ. ಓದಿದೆ. ಮೂರನೆಯದು ಮಗಳು. ನಾಲ್ಕನೆಯದು, ಕತ್ತಲ ಕಣಿವೆಯದ್ದು, ಅತ್ತೆ. ಅರ್ಧದಲ್ಲಿ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು.

ಐದನೆಯದು ಸುತ್ತಿ ಮತ್ತೆ ಇವರಿಗೇ ಬಂತು. ಮತ್ತೆ ಕಾದೆವು. ಈ ಸಲ ಇವರು ನನ್ನತ್ತ ತಿರುಗಿ ಗದ್ದ ಎತ್ತಿದರು. ನೀನು ಶುರು ಮಾಡು ಎಂಬಂತಿತ್ತು. ಥೆರಪಿಸ್ಟ್ ಹೇಳಿಕೊಟ್ಟ ಹಾಗೆ ನಾನು ಮೆಲ್ಲಗೆ ಓದಿದೆ: ವೈರಿಗಳ ಕಣ್ಣೆದುರಿಗೇ ಔತಣ ಬಡಿಸಿದ್ದು, ತಲೆಗೆ ಎಣ್ಣೆ ಹಚ್ಚಿದ್ದು. ಕೊನೆಗೆ "ನನ್ನ ಬಟ್ಟಲು..." ಎಂದು ನಿಲ್ಲಿಸಿದೆ.

ತುಂಬಿ ಹರಿಯುತ್ತದೆ ಎಂದು ಬರಬೇಕು. ಮೂವರೂ ಉಸಿರು ಹಿಡಿದೆವು.

ಇವರು ಪುಸ್ತಕ ನೋಡಲಿಲ್ಲ. ತಮ್ಮ ಮುಂದಿದ್ದ ಚಹಾದ ಲೋಟವನ್ನು ಇಣುಕಿ ನೋಡಿದರು. ಬೆರಳಿನಿಂದ ಟಣ್ ಎಂದು ಬಡಿದರು. ತುಟಿ ಸೇರಿತು, ಬಿಟ್ಟಿತು, ಗಂಟಲಿನ ನರ ಉಬ್ಬಿತು.

"ಅರ್ಧ" ಎಂದರು.

ಫ್ರಿಜ್ಜಿನ ಸದ್ದು ಕೇಳಿಸುತ್ತಿತ್ತು.

"ಏನಂದೆ ಕಂದಾ?" ಎಂದರು ಅತ್ತೆ.

ಇವರು ಲೋಟವನ್ನು ಎತ್ತಿ ನನ್ನ ಮುಖದ ಮುಂದೆ ಹಿಡಿದರು. ಕೈ ನಡುಗುತ್ತಿತ್ತು, ಆದರೆ ಚೆಲ್ಲುವಷ್ಟು ಚಹಾ ಅದರಲ್ಲಿ ಇರಲೇ ಇಲ್ಲ. "ದಿ... ದಿನಾ. ಅರ್ಧ."

ಮೊದಲು ನಕ್ಕವಳು ಮಗಳು. ಆಮೇಲೆ ಅತ್ತೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು. ಇವರ ತುಟಿಯ ಒಂದು ಕೊನೆ ಮೇಲೇರಿತು. "ಅಮ್ಮಾ, ಇನ್ನೊಂದ್ ಪದ ಹೇಳ್ಸು, ನಿನ್ ಹೆಸರು ಕೇಳು" ಎಂದು ಮಗಳು ನನ್ನನ್ನು ಅಲುಗಿಸಿದಳು. ನಾನು ಎದ್ದು ಹೋಗಿ ಚಹಾದ ಪಾತ್ರೆ ತಂದೆ. ಲೋಟಕ್ಕೆ ಕಂಠಮಟ್ಟ ಸುರಿದೆ, ಸಾಕು ಎನ್ನಲಿ ಎಂದು ಕಾಯುತ್ತ. ಅನ್ನಲಿಲ್ಲ.

ಇವರು ಎತ್ತಿದರು. ಮೇಜಿನ ಬಟ್ಟೆಯ ಮೇಲೆ, ಹೊಸ ಅಂಗಿಯ ಮೇಲೆ, ತೆರೆದಿದ್ದ ಪುಟದ ಅಂಚಿನ ಮೇಲೆ ಚೆಲ್ಲಿತು. ಬೇರೆ ದಿನ ಆ ಪುಸ್ತಕದ ಹತ್ತಿರ ನೀರಿನ ಲೋಟವನ್ನೂ ಇಡಗೊಡದ ಅತ್ತೆ, "ಇರ್ಲಿ ಬಿಡು, ಕುಡೀಲಿ" ಎಂದರು. ಆರನೆಯ ವಚನ ನನ್ನ ಪಾಲಿನದು. ಅದು ಹಾಗೇ ಉಳಿಯಿತು; ಲ್ಯಾಬಿನಿಂದ ಬಂದ ಮೇಲೆ ಓದಿಕೊಂಡೆ.

ಮಧ್ಯಾಹ್ನ ಥೆರಪಿಸ್ಟಿಗೆ ಫೋನ್ ಮಾಡಿದೆ. "ಆ ಪದ ಕೀರ್ತನೆಯಲ್ಲಿ ಇದೆಯಾ ಮೇಡಂ?" ಎಂದು ಕೇಳಿದಳು. ಇಲ್ಲ ಎಂದೆ. "ಹಾಗಾದ್ರೆ ಅದು ಅವರದ್ದೇ" ಎಂದಳು. ಸಂಜೆ ಅತ್ತೆಗೆ ತಿಳಿಸಿದೆ. "ಅವನದ್ದೇ, ಸರಿ. ಉಸಿರು ಯಾರದ್ದು ಅಂತ ಕೇಳಿದ್ಯಾ?" ಎಂದರು.

ಮೇಜಿನ ಬಟ್ಟೆಯನ್ನೂ ಅಂಗಿಯನ್ನೂ ನೆನೆಹಾಕಿದ್ದೇನೆ. ನಾಳೆಯಿಂದ ಚಹಾ ತುಂಬ ಹಾಕಬೇಕು. ಲೋಟದ ಕೆಳಗೆ ಒಂದು ತಟ್ಟೆ ಇಟ್ಟರಾಯಿತು.